ಮೇಟಿಗೆ ಕಟ್ಟಿದ ಟೆಲಿಸ್ಕೋಪ್

ನಾನು ಪುಕ್ಕಲ. ನನ್ನ ಹೆಂಡತಿ ಶೋಭಾ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಅಂತ ನಿಪ್ಪಾಣಿ ಮುಟ್ಟಿದವನು ತಿರುಗಿ ಚಿಕ್ಕೋಡಿಗೆ ಬಂದದ್ದುಂಟು. ಹಾಗಾಗಿ ಮುಂದಿನದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ಆದರೆ ನಡೆದದ್ದು ನಿಜ. ಎಷ್ಟೇ ಪುಕ್ಕಲನಾದರೂ ಬೆನ್ನ ಮೇಲೆ ಬಾಸುಂಡೆ ತಾನಾಗಿ ಏಳುವುದಿಲ್ಲ...

ಟೆಲಿಸ್ಕೋಪ್ ಮಹಾದೇವನದು, ಅದರ ಚಿಂತೆ ನನ್ನದು. ಮಹಾದೇವ ಶೋಭಾಳ ತಮ್ಮ. ಪಾಲಬಾವಿಯಲ್ಲಿ ಕಬ್ಬಿನ ಹೊಲ. ಅಕ್ಕನ ಗಂಡನೆಂದು ನನ್ನನ್ನು 'ದಾಜಿ' ಅನ್ನುತ್ತಾನೆ. ಮರ್ಯಾದೆ ಆ ಒಂದು ಶಬ್ದದಲ್ಲೇ ಮುಗಿಯುತ್ತದೆ.

ಆ ಟೆಲಿಸ್ಕೋಪನ್ನು ಎತ್ತಲು ಇಬ್ಬರು ಬೇಕು. ಕಣ್ಣಿಟ್ಟು ನೋಡುವುದಕ್ಕಾದರೆ ಯಾವ ಸ್ಟ್ಯಾಂಡಾದರೂ ನಡೆದೀತು. ಫೋಟೋಕ್ಕೆ ನಡೆಯದು. ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದಿರಬೇಕು, ಅಷ್ಟು ಹೊತ್ತೂ ಭೂಮಿ ತಿರುಗಿದ ಹಾಗೆ ಟೆಲಿಸ್ಕೋಪನ್ನು ತಿರುಗಿಸುತ್ತಿರಬೇಕು. ಆ ಕೆಲಸ ಮಾಡುವ ಮೋಟರಿನ ಯಂತ್ರಕ್ಕೇ ಮೌಂಟ್ ಅನ್ನುವುದು. ಅದು ಕೂದಲೆಳೆಯಷ್ಟು ನಡುಗಿದರೂ ಫೋಟೋದಲ್ಲಿ ನಕ್ಷತ್ರ ಹುಳುವಿನಂತೆ ಉದ್ದವಾಗುತ್ತದೆ. ಇಷ್ಟು ತೂಕ ಹೊರುತ್ತದೆ ಎಂದು ಕಂಪನಿಯವರು ಬರೆದದ್ದರಲ್ಲಿ ಅರ್ಧ ಮಾತ್ರ ನಂಬಬೇಕು ಅಂತ ನಾನು ಓದಿದ್ದೆ. ನಂಬದಿರುವುದು ನನಗೆ ಸುಲಭ. ದೊಡ್ಡ ಮೌಂಟನ್ನೇ ತರಿಸಿದೆವು.

ಆದರೂ ನಡುಗಿತು. ಮೌಂಟಿನ ಕೆಳಗಿದ್ದದ್ದು ಮೂರು ಕಾಲಿನ ಸ್ಟ್ಯಾಂಡು, ಅದರ ಕೆಳಗೆ ನಮ್ಮ ಮನೆಯ ಮಾಳಿಗೆ. ಶೋಭಾ ಮೆಟ್ಟಿಲು ಹತ್ತಿದಾಗಲೆಲ್ಲ ಲ್ಯಾಪ್‌ಟಾಪಿನಲ್ಲಿ ನಡುಕ ತೋರಿಸುವ ಗೆರೆ ಜಿಗಿಯುತ್ತಿತ್ತು.

"ಅಕ್ಕಗ ಹೆದರೋರು ನೀವೊಬ್ಬರ ಅಂತ ತಿಳಕೊಂಡಿದ್ನಿ ದಾಜಿ," ಎಂದ ಮಹಾದೇವ. "ಆಕಾಶಾನೂ ಹೆದರತೈತಿ."

ಮಾಳಿಗೆ ಬೇಡ, ನೆಲದಲ್ಲಿ ಆಳಕ್ಕೆ ಹೂತ ಕಂಬ ಬೇಕು ಅಂದೆ. ಕರಿ ಮಣ್ಣಿನಲ್ಲಿ ಹೊಸ ಕಂಬ ನಿಲ್ಲದು, ಬೇಸಿಗೆಗೆ ನೆಲ ಬಿರಿದು ವಾಲುತ್ತದೆ ಅಂತಲೂ ನಾನೇ ಅಂದೆ. ಆಗ ಮಹಾದೇವನಿಗೆ ತನ್ನ ಹೊಲದ ಹಳೆಯ ಕಣ ನೆನಪಾಯಿತು.

ಜೋಳದ ತೆನೆ ಹರವಿ, ನಡುವಿನ ಕಂಬಕ್ಕೆ, ಅಂದರೆ ಮೇಟಿಗೆ, ಎತ್ತುಗಳನ್ನು ಸಾಲಾಗಿ ಕಟ್ಟಿ, ರಾತ್ರಿಯಿಡೀ ಸುತ್ತ ತಿರುಗಿಸಿ ತುಳಿಸುತ್ತಿದ್ದ ಕಾಲದ ಕಣ. ಹಾಗೆ ತಿರುಗುವ ಎತ್ತಿನ ಸಾಲಿಗೆ ಹಂತಿ ಅನ್ನುತ್ತಾರೆ. ಮೇಟಿ ಸಾಮಾನ್ಯವಾಗಿ ಮರದ್ದು. ನನ್ನ ಮಾವನವರು ಕಲ್ಲಿನದು ನೆಡಿಸಿದ್ದರು. ಆಳುದ್ದ ನೆಲದೊಳಗೆ, ಎದೆಯುದ್ದ ಮೇಲೆ. ಹೆಗಲು ಕೊಟ್ಟು ನೂಕಿದೆ. ಗುಡ್ಡ ನೂಕಿದಂತಾಯಿತು. ನನ್ನ ಜನ್ಮದಲ್ಲಿ ಮೊದಲ ಸಲ ಒಂದು ವಸ್ತುವಿನ ಮೇಲೆ ಪೂರ್ತಿ ನಂಬಿಕೆ ಬಂತು.

ಬೋಲ್ಟಿಗೆ ತೂತು ಕೊರೆದರೆ ಕಲ್ಲು ಸೀಳೀತು ಅಂತ ಮತ್ತೆ ನನಗೆ ಹೆದರಿಕೆ. ಕಬ್ಬಿಣದ ತಟ್ಟೆಗೆ ನಾಲ್ಕು ಪಟ್ಟಿ ಬೆಸೆಸಿ, ಕಲ್ಲಿನ ತಲೆಗೆ ಟೋಪಿಯಂತೆ ಕೂರಿಸಿ, ಪಟ್ಟಿಗಳನ್ನು ಹಗ್ಗದಿಂದ ಬಿಗಿಯುವುದೆಂದಾಯಿತು. ಮಹಾದೇವ ಕೊಟ್ಟಿಗೆಯ ಗೂಟದಿಂದ ಒಂದು ಉದ್ದನೆಯ ಹಳೆ ಹಗ್ಗ ತಂದ. ಬೆವರು ಹೀರಿ ಕಪ್ಪಾದದ್ದು.

ಹೊಲದ ಮನೆಯಲ್ಲಿರುವ ಅವನ ಚಿಕ್ಕಮ್ಮ, ಚಿಗವ್ವ, ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

"ಅದು ಹಂತಿ ದಾವಣಿ ಐತಿ. ಬ್ಯಾರೆ ಹಗ್ಗ ತಗೊಳ್ರಿ."

"ಯಾಕ ಚಿಗವ್ವಾ?" ಎಂದ ಮಹಾದೇವ.

"ರಾಶಿ ಮುಗಿಯೂತನಕ ಹಂತಿ ಬಿಚ್ಚಬಾರದೋ. ನಿಮ್ಮಪ್ಪ ಕಡೀ ಸಲ ಹೂಡಿದಾಗ ಒಳಗಿನ ಎತ್ತ ಮಣಕಾಲ ಊರಿ ಬಿತ್ತು. ಬಿಚ್ಚಲಿಲ್ಲ ಅಂವ. ಉಳದುವು ಅದನ್ನ ಎಳಕೊಂಡ ತಿರಗಿದುವು. ಹೊತ್ತ ಹೊಂಡೂದ್ರಾಗ ಒಂದ್ ಮಗ್ಗಲ ಚರ್ಮಾನ ಇರಲಿಲ್ಲ ಅದಕ್ಕ... ಮರದಿನ ಮಷೀನ ಬಂತು. ರಾಶಿ ಮುಗೀಲೇ ಇಲ್ಲ, ಹಂತಿ ಹಂಗಽ ಉಳೀತು."

ಮೇಟಿಯ ಪಕ್ಕದಲ್ಲೇ, ಒಳಗೆ, ಮುದಿ ಎತ್ತನ್ನು ಕಟ್ಟುವುದು ವಾಡಿಕೆ. ಅದಕ್ಕೆ ಸುತ್ತು ಚಿಕ್ಕದು.

"ಇದೇನ್ ಜ್ವಾಳ ಅಲ್ಲ ತಗೀ, ನಕ್ಷತ್ರ," ಎಂದು ಮಹಾದೇವ ನಕ್ಕ. ನಾನೂ ನಕ್ಕೆ. ನಕ್ಕರೂ ನನ್ನ ಬಲ ಮೊಣಕಾಲು ಮುಟ್ಟಿ ನೋಡಿಕೊಂಡೆ. ಇನ್ನೊಮ್ಮೆ ಬಿದ್ದರೆ ಕೋಲು ಹಿಡಿದೇ ನಡೆಯಬೇಕೆಂದು ಡಾಕ್ಟರು ಹೇಳಿದ್ದರು.

ಅಮಾವಾಸ್ಯೆ. ಗಾಳಿಯಿಲ್ಲ. ದೂರದ ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ರಸದ ಗಸಿಯಾದ ಮಳ್ಳಿಯ ಹುಳಿ ವಾಸನೆ. ಕಣದೊಳಗೆ ಮೆಟ್ಟು ಹಾಕಬಾರದೆಂದು ಬರಿಗಾಲಲ್ಲಿದ್ದೆವು. ಟೆಲಿಸ್ಕೋಪ್ ಏರಿಸಿ, ತೂಕ ಸರಿದೂಗಿಸಿ, ಗುರಿ ಹಿಡಿದೆವು. ಮಹಾದೇವ ಲ್ಯಾಪ್‌ಟಾಪಿನ ಮುಂದೆ ಕೂತ.

ಗೆರೆ ಜಿಗಿಯುತ್ತಲೇ ಇತ್ತು.

"ಹಗ್ಗ ಸಡಲೈತಿ ದಾಜಿ. ಬಿಗೀರಿ."

ದಾವಣಿಯ ತುದಿ ಹಿಡಿದು, ಜಗ್ಗುತ್ತ, ಮೇಟಿಯ ಸುತ್ತ ಒಂದು ಸುತ್ತು ಬಂದೆ.

"ಹಾಂ! ಸಪಾಟ ಆತು ನೋಡ್ರಿ!" ಮಹಾದೇವ ಕೂಗಿದ. ನಾನು ನಿಂತೆ. "ಥೂ... ಮತ್ತ ಕುಣೀತು. ನಿಂದ್ರಬ್ಯಾಡ್ರಿ. ನಡೀರಿ."

ನಡೆದೆ. ಗೆರೆ ಮಲಗಿತು. ಒಬ್ಬ ಮನುಷ್ಯ ಕಂಬಕ್ಕೆ ಕಟ್ಟಿದ ಹಗ್ಗ ಎಳೆಯುತ್ತಿದ್ದರೆ ನಡುಕ ಹೆಚ್ಚಬೇಕು. ಇಲ್ಲಿ ಉಲ್ಟಾ. ಅದಲ್ಲದೆ ಇನ್ನೊಂದು ಲೆಕ್ಕವೂ ತಪ್ಪಿತ್ತು. ಸುತ್ತಿದಷ್ಟೂ ಹಗ್ಗ ಕಲ್ಲಿಗೆ ಸುತ್ತಿಕೊಂಡು ಗಿಡ್ಡವಾಗಬೇಕಿತ್ತು...

ಆಗುತ್ತಿರಲಿಲ್ಲ.

ಬಿಡಲು ನೋಡಿದೆ. ಬೆರಳು ಬಿಚ್ಚಲಿಲ್ಲ.

ಆಮೇಲೆ ಎಡಗಡೆಯಿಂದ ಉಸಿರು ಬಂತು. ಬಿಸಿ, ಒದ್ದೆ. ಹಸಿ ಸಗಣಿಯ, ಜೋಳದ ಒಣಗರಿ ರವದಿಯ ವಾಸನೆ. ನನ್ನ ಹೆಜ್ಜೆಯ ಜೊತೆ ಇನ್ನೊಂದು ಹೆಜ್ಜೆ... ಅದರಾಚೆ ಇನ್ನೊಂದು... ಗೊರಸು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಹೊರಗಿನಿಂದ ಒಂದು ಮೈ ನನ್ನನ್ನು ಕಲ್ಲಿನತ್ತ ಒತ್ತುತ್ತಿತ್ತು. ನಾನು ಸಾಲಿನ ಒಳಗಿನವನಾಗಿದ್ದೆ.

"ಮಹಾದೇವಾ... ಕೈ ಬಿಡವಲ್ದೋ..."

"ಬಿಡಬ್ಯಾಡ್ರಿ! ಫೋಟೋ ಭಾರೀ ಬರಾಕತ್ತೈತಿ!"

ಮೊಣಕಾಲಲ್ಲಿ ಚೂರಿ ಆಡಿಸಿದಂಥ ನೋವು. ಬೀಳಬಾರದು, ಬಿದ್ದರೆ ಇವು ನಿಲ್ಲುವುದಿಲ್ಲ... ಅದೊಂದೇ ತಲೆಯಲ್ಲಿತ್ತು. ಕುಂಟುತ್ತ ಓಡಿದೆ. ಓಡಿದಷ್ಟೂ ಸಾಲು ವೇಗವಾಯಿತು.

ಮಹಾದೇವ ಎದ್ದು ಬಂದ. ಬಿಡಿಸಲು ಬಂದ ಅಂದುಕೊಂಡೆ. ಅವನು ನನ್ನ ಹಿಂದೆ ನಡೆಯತೊಡಗಿದ. ಸಣ್ಣ ದನಿಯಲ್ಲಿ, ನಿದ್ದೆಗೆಟ್ಟು ದುಡಿಯುವವರು ಹಾಡುವ ಹಾಗೆ, ಏನೋ ಹಾಡುತ್ತಿದ್ದ. ಮಹಾದೇವನಿಗೆ ಆರತಿ ಪದ ಕೂಡ ಬಾರದು.

ಬೆನ್ನ ಮೇಲೆ ಚಾವಟಿ ಛಟ್ ಎಂದಿತು.

"ಹೋ... ನಡಿ ಮುದಕಾ."

ಕಿರುಚಿದೆ. ಇನ್ನೊಂದು ಬಿತ್ತು. ಕಟ್ಟೆಯ ಮೇಲೆ ಚಿಗವ್ವ ಎದ್ದು ನಿಂತಿದ್ದು ಲ್ಯಾಪ್‌ಟಾಪಿನ ಬೆಳಕಲ್ಲಿ ಕಂಡಿತು. "ಚಿಗವ್ವಾ! ಬಿಚ್ಚಬೇ!"

ಅವಳು ಅಲ್ಲಿಂದಲೇ, ಮಗುವಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು: "ಒದರಬ್ಯಾಡಪಾ. ಒದರಿದ್ರ ಬಾರಕೋಲ ಜೋರ್ ಬೀಳತೈತಿ."

ಮೊಣಕಾಲು ಮಡಚಿತು. ನೆಲ ಮುಖಕ್ಕೆ ಬಂತು. ಎಳೆಯತೊಡಗಿದವು... ಅಂಗಿ ಹರಿದು, ಮಗ್ಗುಲು ನೆಲಕ್ಕೆ ಉಜ್ಜಿ, ಕಿವಿಯ ಪಕ್ಕದಲ್ಲೇ ಗೊರಸು ಎತ್ತಿ ಇಡುವ ಸದ್ದು. ಮೇಲೆ ಟೆಲಿಸ್ಕೋಪು ನೆಟ್ಟ ನೋಟ ಕದಲಿಸದೆ, ಒಂದಿಷ್ಟೂ ನಡುಗದೆ ತನ್ನ ಕೆಲಸ ಮಾಡುತ್ತಿತ್ತು.

ಲ್ಯಾಪ್‌ಟಾಪು ಪೀಂ ಎಂದಿತು. ಎಲ್ಲಿಂದಲೋ ಮೋಡ ಬಂದು ನಕ್ಷತ್ರ ಮುಚ್ಚಿತ್ತು.

ಹಗ್ಗ ಸಡಿಲಾಯಿತು. ಬೆರಳು ತಾವೇ ಬಿಚ್ಚಿಕೊಂಡವು.

"ಮಾಡ ಬಂತು. ಸಾಕ್ ಬಿಡ್ರಿ ಇವತ್ತಿಗೆ," ಎಂದ ಮಹಾದೇವ, ತನ್ನ ಎಂದಿನ ದನಿಯಲ್ಲಿ. ಕೂತ ಜಾಗದಿಂದಲೇ. "ಅಯ್ಯಽ, ಬಿದ್ರೇನ್ರಿ? ಒಂದ್ ಸುತ್ತ ಹಾಕೂದ್ರಾಗ ಬಿದ್ರಲ್ರಿ ದಾಜಿ!"

ಒಂದು ಸುತ್ತು. ಅವನ ಪಾಲಿಗೆ ಅಷ್ಟೇ. ಕೈಯಲ್ಲಿ ಕೋಲೂ ಇರಲಿಲ್ಲ, ಬಾರಕೋಲೂ ಇರಲಿಲ್ಲ.

ಮನೆಯಲ್ಲಿ ಶೋಭಾ ಅಂಗಿ ತೆಗೆಸಿ ಬೆನ್ನು ನೋಡಿದಳು. ಆಮೇಲೆ ಕೇಳಿದಳು, "ಯಾರ್ ಹೊಡದಾರ್ರೀ ನಿಮಗ?" ನಿನ್ನ ತಮ್ಮ ಅಂತ ಹೇಳಲೇ? ಬಿದ್ದೆ ಅಂದೆ. ಬಿದ್ದರೆ ಹೀಗೆ ಉದ್ದುದ್ದ ಬರೆ ಏಳುವುದಿಲ್ಲ ಅಂತ ಅವಳಿಗೂ ಗೊತ್ತು. ಮೊಣಕಾಲಿನ ಆಪರೇಷನ್ ಆಯಿತು. ಡಾಕ್ಟರು ಹೇಳಿದ್ದ ಕೋಲು ಈಗ ಕೈಯಲ್ಲೇ ಇದೆ.

ನಾನು ಆ ಕಡೆ ಮತ್ತೆ ಹೋಗಿಲ್ಲ. ಆ ದಾವಣಿ ಬಿಚ್ಚು, ಬೇರೆ ಕಂಬ ಹಾಕು ಎಂದು ಫೋನಿನಲ್ಲಿ ಹೇಳಿ ನೋಡಿದೆ. "ಇಂಥಾ ಗಟ್ಟಿ ಮೌಂಟ್ ಬಿಟ್ಟು ಯಾಂವ ಬ್ಯಾರೆ ಹಾಕ್ತಾನ್ರಿ? ನಿಮ್ಮದು ಬರೇ ಹೆದರಿಕಿ," ಎಂದ.

ಪ್ರತಿ ಅಮಾವಾಸ್ಯೆಯ ಮರುದಿನ ಅವನ ಫೋಟೋ ಬರುತ್ತದೆ. ಒಂದಕ್ಕಿಂತ ಒಂದು ಚಂದ. ನಕ್ಷತ್ರಗಳು ಸಾಸಿವೆ ಕಾಳಿನಂತೆ ದುಂಡಗೆ, ಒಂದೂ ಅಲುಗಿಲ್ಲ. 'ಭಾರೀ ಬಂದೈತಿ' ಅಂತ ನಾನೂ ಬರೆದು ಕಳಿಸುತ್ತೇನೆ.

ರಾತ್ರಿಯೆಲ್ಲ ಸುತ್ತಿದವರು ಯಾರು ಅಂತ ಕೇಳಲು ಮಾತ್ರ ಧೈರ್ಯವಾಗಿಲ್ಲ... ಶೋಭಾ ಕರೆದಾಗಲೆಲ್ಲ ಮಾತಾಡುತ್ತಿದ್ದ ಚಿಗವ್ವ ಈಚೆಗೆ ಫೋನಿಗೆ ಬರುತ್ತಿಲ್ಲ.