ಮುಖ ಕಾಣದ ವಿಡಿಯೊ

ಸೆರಗು ಸರಿಸಿ, ಬರಿಗೈಯನ್ನು ನನ್ನ ಬಳೆ ಅಂಗಡಿಯ ಮೇಜಿನ ಮೇಲಿಟ್ಟು ಆಕೆ ಕೇಳಿದಳು: "ಮಾರಿ ತೋರ್ಸಿಲ್ಲ ಅಂತೀರಲ್ರಿ ಅಕ್ಕಾರ, ಈ ಕೈ ನಮ್ಮ ಓಣ್ಯಾಗ ಯಾರಿಗೆ ಗೊತ್ತಿಲ್ಲ?" ಮೊಣಕೈ ಕೆಳಗೆ ತೀರಿಹೋದ ಗಂಡನ ಹೆಸರಿನ ಹಚ್ಚೆಯಿತ್ತು.

ಸಂಗೊಳ್ಳಿ ಕಡೆಯ ಈ ಹೆಂಗಸು ಹಿಂದಿನ ವಾರ ಬೈಲಹೊಂಗಲದ ನನ್ನ ಅಂಗಡಿಗೆ ಬಂದು ಹಸಿರು ಗಾಜಿನ ಬಳೆ ಇಡಿಸಿಕೊಂಡಿದ್ದಳು. ತುಸು ಹೊತ್ತು ಕೈ ತಿರುಗಿಸಿ ನೋಡಿಕೊಂಡು, ತೆಗೆಸಿ, ಕೊಳ್ಳದೇ ಹೋಗಿದ್ದಳು. ಮೊಬೈಲಿನಲ್ಲಿ ಅಂಗಡಿಯ ಪೇಜ್ ಹೊಸದಾಗಿ ಶುರುಮಾಡಿದ್ದ ನಾನು ಅವಳು ಬಳೆ ತೊಟ್ಟಿದ್ದಾಗಲೇ ಆ ಕೈಗಳನ್ನಷ್ಟೇ ಸೆರೆಹಿಡಿದು, ಹಾಡು ಸೇರಿಸಿ ರೀಲ್ಸ್ ಹಾಕಿದೆ. ಮುಖ ಕಾಣದಿದ್ದ ಮೇಲೆ ಕೇಳುವುದೇನು ಎಂದುಕೊಂಡಿದ್ದೆ. ಸವದತ್ತಿ, ರಾಮದುರ್ಗದಿಂದೆಲ್ಲ ಆರ್ಡರ್ ಬಂದವು, ನಾನು ಹಿಗ್ಗಿದೆ. ವಿಡಿಯೊ ಅವಳ ಮೈದುನನ ಮೊಬೈಲಿಗೂ ಹೋಗಿತ್ತು. ಗಂಡ ಸತ್ತವಳು ಹಸಿರು ಬಳೆ ಹಾಕಿಕೊಂಡಳೆಂದು ಮನೆಯಲ್ಲಿ ಯಾರೂ ಅವಳೊಡನೆ ಮಾತಾಡುತ್ತಿಲ್ಲವಂತೆ.

ತಲೆ ತಗ್ಗಿಸಿಕೊಂಡೇ ಅಳಿಸಲು ಹೋದೆ. ಆಕೆ ನನ್ನ ಕೈ ಹಿಡಿದಳು. "ಮೊದ್ಲ ನನಗೊಮ್ಮೆ ತೋರಸ್ರಿ. ಊರ ಮಂದಿ ಎಲ್ಲಾ ನೋಡ್ಯಾರ, ನಾನ ನೋಡಿಲ್ಲ."

ತೋರಿಸಿದೆ. ಇನ್ನೊಮ್ಮೆ ಹಾಕಲು ಹೇಳಿದಳು. ಅದು ಮುಗಿದ ಮೇಲೆ ಕೈಯನ್ನು ಸೆರಗಿನಿಂದ ಮುಚ್ಚಿಕೊಂಡು, "ಈಗ ಅಳಸ್ರಿ" ಎಂದಳು.

ಆ ಹಸಿರು ಬಳೆ ಬೇಕೆಂದು ಈಗಲೂ ಮೆಸೇಜುಗಳು ಬರುತ್ತವೆ. ಖಾಲಿಯಾಗಿವೆ ಎಂದು ಉತ್ತರಿಸುತ್ತೇನೆ. ಬಳೆಯ ಡಬ್ಬಿ ಕಪಾಟಿನಲ್ಲೇ ಇದೆ. ತೆಗೆಯಲು ಕೈ ಏಳುತ್ತಿಲ್ಲ.