ಹಂಪಣ್ಣ ಹಚ್ಚಿದ ಜಗಳ

ಹಂಪಣ್ಣ ಸೈಕಲ್ ತುಳಿಯುವಾಗ ಬಾಯಿ ಮುಚ್ಚುತ್ತಿರಲಿಲ್ಲ. ಎದುರುಗಾಳಿಗೆ ನಾವೆಲ್ಲ ತಲೆ ತಗ್ಗಿಸಿ, ಹಲ್ಲು ಕಚ್ಚಿ ತುಳಿಯುತ್ತಿದ್ದರೆ ಅವನೊಬ್ಬ ಮುಖ ಎತ್ತಿ ಮಾತಾಡುತ್ತಲೇ ಇರುತ್ತಿದ್ದ. ಬಾಯೊಳಗೆ ಹುಳು ಹೊಕ್ಕರೆ "ಥೂ" ಎಂದು ಪಕ್ಕಕ್ಕೆ ಉಗುಳಿ, ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದ. ಆ ದನಿಯೂ ಅಂಥದ್ದೇ. ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು, ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಹದಗೊಂಡಿತ್ತು. ಲಾರಿ ಪಕ್ಕದಲ್ಲೇ ಹಾದುಹೋದರೂ ಅವನ ಒಂದು ಅಕ್ಷರ ಕಳೆದುಹೋಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನಲ್ಲಿ ನಾವು ನಾಲ್ಕು ಜನ ಸೈಕಲ್ ಹುಚ್ಚರಿದ್ದೆವು. ಹಂಪಣ್ಣ ಎಲ್ಲರಿಗಿಂತ ಹಿರಿಯ, ನಲವತ್ತೈದು ದಾಟಿದವನು. ಟೇಲರ್ ಮೌಲಾಸಾಬ, ಚಿತ್ರಕಲೆ ಕಲಿಸುತ್ತಿದ್ದ ವೆಂಕೋಬ ಮಾಸ್ತರು, ಆಮೇಲೆ ನಾನು, ಒಂದು ಕಚೇರಿಯ ಗುಮಾಸ್ತ. ಭಾನುವಾರ ಬೆಳಕು ಹರಿಯುವ ಮೊದಲೇ ತೀನ್ ಕಂದೀಲ್ ಚೌಕದಲ್ಲಿ ಸೇರುತ್ತಿದ್ದೆವು. ಒಂದು ವಾರ ಮಾನ್ವಿ, ಒಂದು ವಾರ ಗಬ್ಬೂರು, ಕಾಲಲ್ಲಿ ಕಸುವಿದ್ದರೆ ದೇವದುರ್ಗ. ಅಲ್ಲಿ ಏನೂ ಕೆಲಸವಿರಲಿಲ್ಲ. ಮಂಡಕ್ಕಿಯ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದು, ಚಹಾ ಕುಡಿದು ತಿರುಗಿ ಬರುವುದು, ಅಷ್ಟೇ. ಬಸ್ಸಿನ ಕಿಟಕಿಯಿಂದ ಜನ ನಮ್ಮನ್ನು ಮರುಕದಿಂದ ನೋಡುತ್ತಿದ್ದರು.

ನಮ್ಮ ಸವಾರಿಗೆ ಹಂಪಣ್ಣ ಒಂದೇ ಕಟ್ಟಳೆ ಹಾಕಿದ್ದ. ಸೈಕಲ್ ಬಗ್ಗೆ ಯಾರೂ ಮಾತಾಡಕೂಡದು. ಹೊಸ ಟಯರು, ಚೈನಿಗೆ ಎಣ್ಣೆ, ಯಾರು ಎಷ್ಟು ಹೊತ್ತಿನಲ್ಲಿ ಮುಟ್ಟಿದರು ಎನ್ನುವುದು ಯಾವುದೂ ಬೇಡ. "ಸೈಕಲ್ ಮ್ಯಾಲ ಕುಂತು ಸೈಕಲ್ ಮಾತಾಡೂದಂದ್ರ, ಉಣ್ಣಾಕ ಕುಂತು ಗಂಗಾಳದ ಮಾತಾಡಿದಂಗ" ಅನ್ನುತ್ತಿದ್ದ. ಹೀಗಾಗಿ ಲೋಕದ ಉಳಿದೆಲ್ಲ ಸಂಗತಿಗಳೂ ನಮ್ಮ ಜೊತೆ ಸವಾರಿ ಬರುತ್ತಿದ್ದವು.

ನಾನು ಅಂಜುಬುರುಕ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸೈಕಲ್ ತುಳಿಯುವ ಆಸೆ ಎಷ್ಟಿತ್ತೋ ಲಾರಿಯ ಭಯವೂ ಅಷ್ಟೇ ಇತ್ತು. ಮೊದಲ ಸಲ ಮಾನ್ವಿಗೆ ಹೊರಟ ದಿನ, ಎದುರಿನಿಂದ ಭತ್ತದ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಹಾರ್ನ್ ಕೇಳಿಸಿದ ಕೂಡಲೇ ನಾನು ಡಾಂಬರು ಬಿಟ್ಟು ಮಣ್ಣಿಗಿಳಿದು, ಸೈಕಲ್ ತಬ್ಬಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಹಿಂದಿನಿಂದ ಬಂದರಂತೂ ಬೆನ್ನಹುರಿಯಲ್ಲಿ ತಣ್ಣಗೆ ಏನೋ ಹರಿದಂತಾಗುತ್ತಿತ್ತು. ನಾಲ್ಕನೇ ಸಲ ಇಳಿದಾಗ ಹಂಪಣ್ಣ ತಿರುಗಿ ಬಂದ. ನಗಲಿಲ್ಲ. ನನ್ನನ್ನು ಎಡಕ್ಕೆ ಹಾಕಿ ತಾನು ಬಲಕ್ಕೆ, ಲಾರಿಗಳ ಕಡೆಗೆ ಬಂದು, ಜೊತೆಜೊತೆಗೆ ತುಳಿಯತೊಡಗಿದ.

"ತಮ್ಮಾ, ಒಂದು ಮಾತ ಕೇಳ್ತೀನಿ. ಕಾಗಿ ಎಡಚ ಇರ್ತಾವೋ, ಬಲಚ ಇರ್ತಾವೋ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮೌಲಾಸಾಬ, "ಕಾಗಿಗಿ ಕೈ ಎಲ್ಲಿ ಅದಾವ್ರಿ ಹಂಪಣ್ಣ?" ಅಂದ.

"ಕಾಲಿಲ್ಲೇನು? ಒಂದು ಕಾಲಾಗ ಮಿರ್ಚಿ ಒತ್ತಿ ಹಿಡಿದು ತಿಂತದಲ್ಲ, ಅದು ಯಾವ ಕಾಲು? ದಿನಾ ನೋಡ್ತೀಯಲ್ಲ, ಹೇಳು."

"ನಾ ಚಿತ್ರ ಬರಿಯುವಾಗ ಯಾವಾಗ್ಲೂ ಬಲಗಾಲೇ ಮುಂದ ಇಡ್ತೀನಿ" ಎಂದರು ಮಾಸ್ತರು, ಬಹಳ ಯೋಚಿಸಿ.

"ನೀವು ಇಡ್ತೀರಿ ಮಾಸ್ತರ. ಕಾಗಿ ಇಡ್ತದೇನು?"

ನಾನು ಎಡಗಾಲಿನ ಪಕ್ಷ ವಹಿಸಿದೆ. ನಮ್ಮ ಕಚೇರಿಯ ಕಿಟಕಿಯ ಕಾಗೆಯನ್ನು ಸಾಕ್ಷಿಗೆ ಕರೆದೆ. ವಾದ ಮುಗಿಯದೆ ತಲೆ ಎತ್ತಿದರೆ ಮಾನ್ವಿಯ ಮನೆಗಳು ಕಾಣುತ್ತಿದ್ದವು. ಎಷ್ಟು ಲಾರಿ ಹೋದವೋ ಏನೋ.

ನಾಯಿಗಳ ಪ್ರಸಂಗ ಗಬ್ಬೂರಿನ ರಸ್ತೆಯಲ್ಲಿ ನಡೆದದ್ದು. ಹೊಲದಲ್ಲಿ ಕುರಿಹಟ್ಟಿ ಹಾಕಿದ್ದರು. ಅಲ್ಲಿಂದ ಮೂರು ನಾಯಿಗಳು ಬೊಗಳದೆ, ಸದ್ದಿಲ್ಲದೆ ಓಡಿ ಬಂದವು. ಬೊಗಳದ ನಾಯಿಯನ್ನು ನೋಡಿದರೆ ಈಗಲೂ ನನ್ನ ಎದೆ ನಿಲ್ಲುತ್ತದೆ. ನಾನು ಎರಡೂ ಕಾಲನ್ನು ಹ್ಯಾಂಡಲ್ ಮೇಲೆ ಎತ್ತಿಬಿಟ್ಟೆ. ಸೈಕಲ್ ಓಲಾಡಿತು. ಹಂಪಣ್ಣ ಮಾತ್ರ ಬ್ರೇಕ್ ಹಿಡಿದು ಇಳಿದೇಬಿಟ್ಟ.

"ಏನ್ರೀ ಗೌಡ್ರ, ಆರಾಮ ಅದೀರಿ? ಮನ್ಯಾಗೆಲ್ಲ ಚಲೋ? ಮಳಿ ಹ್ಯಾಂಗ ಈ ಕಡಿ?"

ನಾಯಿಗಳು ನಿಂತವು. ಇಷ್ಟು ಮರ್ಯಾದೆಯಿಂದ ಅವನ್ನು ಯಾರೂ ಮಾತಾಡಿಸಿರಲಿಕ್ಕಿಲ್ಲ. ಹಂಪಣ್ಣ ಬೀಗರ ಕುಶಲ ಕೇಳುವಂತೆ ಒಂದೊಂದನ್ನೇ ವಿಚಾರಿಸುತ್ತ, ಸೈಕಲ್ ತಳ್ಳಿಕೊಂಡು ಮುಂದೆ ನಡೆದ. ನಾವು ಅವನ ಮರೆಯಲ್ಲಿ ಪಾರಾದೆವು. ಆಮೇಲೆ ಅವನ ಕೈ ನೋಡಿದೆ. ಹ್ಯಾಂಡಲ್ ಹಿಡಿದ ಬೆರಳುಗಳ ಗೆಣ್ಣು ಬಿಳಿಚಿಕೊಂಡಿದ್ದವು.

"ನಿಮಗ ಅಂಜಿಕಿ ಆಗ್ಲಿಲ್ಲೇನ್ರಿ ಹಂಪಣ್ಣ?"

"ಆತಲ್ಲ. ತಾವು ಗೌಡ್ರಲ್ಲ, ನಾಯಿ ಅಂತ ಅವಕ್ಕ ನೆನಪಾಗಿಬಿಟ್ರ ಅಂತ" ಎಂದು ನಕ್ಕ. ನಾನೂ ನಕ್ಕೆ. ಆ ಬಿಳಿ ಗೆಣ್ಣುಗಳನ್ನು ಅವತ್ತಿಗೆ ಮರೆತೆ.

ಮುಂದಿನ ವರ್ಷದ ಮಳೆಗಾಲ. ಮಾನ್ವಿಯ ಹುಡುಗಿಯೊಂದಿಗೆ ನನಗೆ ಮದುವೆಯಾಗಿತ್ತು. ಹೆಂಡತಿಗೆ ದಿನ ತುಂಬಿತ್ತು. ಸೂಲಗಿತ್ತಿ ಇನ್ನೂ ಒಂದು ವಾರವಿದೆ ಅಂದದ್ದರಿಂದ ದೇವದುರ್ಗದ ಸವಾರಿಗೆ ಹೊರಟಿದ್ದೆ. ದೀಪ ಹಚ್ಚುವುದರೊಳಗೆ ಬರುತ್ತೇನೆಂದು ಅವಳ ಕೈ ಹಿಡಿದು ಹೇಳಿದ್ದೆ. ಹೋಗುವಾಗ ಬಿಸಿಲಿತ್ತು. ತಿರುಗಿ ಬರುವಾಗ ಮೇಲಿನ ಸೀಮೆಯಲ್ಲಿ ಆಕಾಶ ಕಪ್ಪಾಗಿತ್ತು. ನಮ್ಮ ತಲೆಯ ಮೇಲೆ ನಾಲ್ಕು ಹನಿ ಬಿದ್ದರೆ ಹೆಚ್ಚು. ಮಸರಕಲ್ ದಾಟಿ ಒಂದು ಹಳ್ಳದ ಹತ್ತಿರ ಬಂದಾಗ ಮಧ್ಯಾಹ್ನ ಮೂರರ ಹೊತ್ತು. ಬೆಳಿಗ್ಗೆ ಪಾದ ತೊಯ್ಯುವಷ್ಟೂ ನೀರಿರದ ಹಳ್ಳ ಈಗ ತಗ್ಗು ಸೇತುವೆಯ ಮೇಲೆ ಕೆಂಪಗೆ ಹರಿಯುತ್ತಿತ್ತು. ಸೇತುವೆಯ ಅಂಚಿಗೆ ನೆಟ್ಟ ಸುಣ್ಣದ ಕಲ್ಲುಗಳ ತಲೆ ಮಾತ್ರ ಕಾಣುತ್ತಿದ್ದವು. ಒಂದು ಬಸ್ಸು ಈಚೆ ದಂಡೆಯಲ್ಲಿ ನಿಂತಿತ್ತು. ಇಬ್ಬರು ಮೂವರು ಕೈ ಕೈ ಹಿಡಿದು ಆಗತಾನೆ ದಾಟಿ ಹೋಗಿದ್ದರು.

ನೀರಿನ ಭಯಕ್ಕೆ ನಾನು ದೂರದಲ್ಲೇ ಸೈಕಲ್ ಇಳಿದಿದ್ದೆ. ಆದರೆ ಮನೆಯ ಭಯ ಅದಕ್ಕಿಂತ ದೊಡ್ಡದಾಗಿತ್ತು. ನೋವು ಈಗಲೇ ಶುರುವಾಗಿದ್ದರೆ? ಮನೆಯಲ್ಲಿ ಅವಳ ಜೊತೆ ನನ್ನ ಮುದುಕಿ ತಾಯಿ ಒಬ್ಬಳೇ.

ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಬಂತು. ಹಿಂದಿನ ಟ್ರೇಲರಿನಲ್ಲಿ ಅರ್ಧ ಚೀಲಗಳಿದ್ದವು. "ಸೈಕಲ್ ಮ್ಯಾಲ ಒಗೀರಿ, ದಾಟಸ್ತೀನಿ. ಇನ್ನೂ ಮೊಣಕಾಲಮಟ ಅದ, ತಡ ಮಾಡಿದ್ರ ಏರ್ತದ" ಅಂದ ಡ್ರೈವರ. ನಾನು ಸೈಕಲ್ ಎತ್ತಿದೆ. ಮೌಲಾಸಾಬನೂ ಎತ್ತಿದ. ನನ್ನ ಸೈಕಲ್ ಮೇಲೆ ಹೋಗಲಿಲ್ಲ. ಹಂಪಣ್ಣ ಹಿಂದಿನಿಂದ ಕ್ಯಾರಿಯರ್ ಹಿಡಿದಿದ್ದ.

"ಹೋಗು, ಹೋಗು. ಮಾನ್ವಿ ಅಳಿಯನಿಗಿ ಬುದ್ಧಿ ಎಲ್ಲಿಂದ ಬರಬೇಕು? ಒಗ್ಗರಣಿಗಿ ಬೆಲ್ಲ ಹಾಕೂ ಮಂದಿ."

ನನಗೆ ಕಿವಿ ನಂಬಲಾಗಲಿಲ್ಲ. "ಏನಂದ್ರಿ?"

"ಬೆಲ್ಲ ಅಂದೆ. ನಿಮ್ಮ ಮಾವನ ಮನ್ಯಾಗ ಮಂಡಾಳ ಒಗ್ಗರಣಿಗಿ ಬೆಲ್ಲ ಹಾಕ್ತಾರ. ಹಸಿಮೆಣಸಿನಕಾಯಿ ಉಳಸಾಕ. ಊರೆಲ್ಲ ಆಡಿಕೊಂತದ."

"ಯಾರು ಹೇಳಿದ್ರು? ಹಂಪಣ್ಣ, ಇದು ಚಾಷ್ಟಿ ಮಾಡೂ ಹೊತ್ತಲ್ರಿ, ಬಿಡ್ರಿ ಸೈಕಲ್!"

"ಚಾಷ್ಟಿ ಯಾರು ಮಾಡಾಕತ್ತಾರ? ನಿಮ್ಮ ಮಾವ ಜಿಪುಣ. ಮದುವಿ ಊಟದಾಗ ಎರಡನೇ ಹೋಳಿಗಿಗಿ ಕೈ ತಡದಾನ. ಮೌಲಾ, ನೀ ಹೇಳು, ತಡದಿಲ್ಲೇನು?"

ಮೌಲಾಸಾಬ ಕಕ್ಕಾಬಿಕ್ಕಿಯಾಗಿ ನನ್ನ ಮುಖ, ಅವನ ಮುಖ ನೋಡಿದ. ನನಗೆ ಸಿಟ್ಟು ನೆತ್ತಿಗೇರಿತು. ಸೈಕಲ್ ಕೆಳಗೆ ಬಿಟ್ಟು ಅವನ ಎದುರು ನಿಂತೆ. ಬಾಯಿಗೆ ಬಂದದ್ದು ಅಂದೆ. ಅವನು ಒಂದಕ್ಕೆ ಎರಡು ಸೇರಿಸಿದ. ಹೋಳಿಗೆಯಿಂದ ತುಪ್ಪಕ್ಕೆ, ತುಪ್ಪದಿಂದ ಮಾವನ ಎಮ್ಮೆಗೆ ಹೋದ. ಕ್ಯಾರಿಯರ್ ಮಾತ್ರ ಬಿಡಲಿಲ್ಲ. ಬಸ್ಸಿನವರೆಲ್ಲ ಇಳಿದು ಸುತ್ತ ನಿಂತರು. ಮಾಸ್ತರು, "ಏ, ಸಣ್ಣವರೇನ್ರಿ ನೀವು?" ಎಂದು ನಡುವೆ ಬಂದರು. ಡ್ರೈವರನಿಗೆ ಸಾಕಾಯಿತು. ಮೌಲಾಸಾಬನ ಸೈಕಲ್ ಕೆಳಗೆ ತಳ್ಳಿ, "ನಿಮ್ಮ ಒಗ್ಗರಣಿ ನೀವೇ ಮಾಡಿಕೊಂತ ಕುಂದರ್ರಿ" ಎಂದು ನೀರಿಗಿಳಿದ.

ಅವನು ನಡುಸೇತುವೆ ಮುಟ್ಟಿದ್ದನೋ ಇಲ್ಲವೋ, ಮೇಲಿನಿಂದ ಒಂದು ಸದ್ದು ಬಂತು. ಕಲ್ಲು ಉರುಳಿದಂಥ ಸದ್ದು. ನೀರು ಕಣ್ಣೆದುರೇ ಒಂದು ಆಳೆತ್ತರ ಎದ್ದಿತು. ಸುಣ್ಣದ ಕಲ್ಲುಗಳು ಕಾಣದಾದವು. ಇಂಜಿನ್ ಕೆಮ್ಮಿ ನಿಂತಿತು. ಟ್ರೇಲರ್, ಬಾಗಿಲೊಂದು ತೆರೆದುಕೊಳ್ಳುವಂತೆ, ನಿಧಾನವಾಗಿ ತಿರುಗಿ, ಟ್ರ್ಯಾಕ್ಟರನ್ನು ಎಳೆದುಕೊಂಡು ಕೆಳಗೆ ಹೋಯಿತು. ನಮ್ಮ ಸೈಕಲ್‌ಗಳು ಇರಬೇಕಾಗಿದ್ದ ಜಾಗವನ್ನು, ನಾವು ಕೂತಿರಬೇಕಾಗಿದ್ದ ಚೀಲಗಳನ್ನು ನಾನು ನೋಡುತ್ತಲೇ ಇದ್ದೆ. ಚೀಲಗಳು ಒಂದೊಂದಾಗಿ ತೇಲಿ ಮುಳುಗಿದವು. ನನ್ನ ಬಾಯಲ್ಲಿ ಅರ್ಧ ಬೈಗುಳ ಇತ್ತು. ಅದು ಅಲ್ಲೇ ಒಣಗಿತು.

ಡ್ರೈವರ ಬದುಕಿದ. ಸ್ವಲ್ಪ ಕೆಳಗೆ ಒಂದು ಜಾಲಿಗಿಡಕ್ಕೆ ಸಿಕ್ಕಿಕೊಂಡು ಕೂಗುತ್ತಿದ್ದ. ಬಸ್ಸಿನ ಮೇಲಿನ ಸಾಮಾನು ಕಟ್ಟುವ ಹಗ್ಗ ಬಿಚ್ಚಿ, ಹತ್ತು ಜನ ಹಿಡಿದು ಅವನನ್ನು ಎಳೆದರು. ಮುಳ್ಳು ಹರಿದು ಮೈಯೆಲ್ಲ ರಕ್ತವಾಗಿತ್ತು. ದಂಡೆಗೆ ಬಂದವನೇ ಮಣ್ಣು ಹಿಡಿದು ಅತ್ತ. ಹಗ್ಗ ಹಿಡಿದವರಲ್ಲಿ ನಾನೂ ಇದ್ದೆ, ಮೌಲಾಸಾಬ, ಮಾಸ್ತರು ಇದ್ದರು. ಹಂಪಣ್ಣ ಇರಲಿಲ್ಲ.

ಅವನು ಬಸ್ಸಿನ ಹಿಂದಿನ ಗಾಲಿಗೆ ಒರಗಿ ಕೂತಿದ್ದ. ಮುಂದೆ ವಾಂತಿ ಮಾಡಿಕೊಂಡಿದ್ದ. ನನ್ನ ಸೈಕಲ್ಲಿನ ಕ್ಯಾರಿಯರನ್ನು ಇನ್ನೂ ಹಿಡಿದೇ ಇದ್ದ. ಮಾಸ್ತರು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಬಹಳ ಹೊತ್ತಿನ ಮೇಲೆ ಅವನು ಮಾತಾಡಿದ. ಆ ಗಿರಣಿಯ ದನಿ ಇರಲಿಲ್ಲ. ಬಗ್ಗಿ ಕೇಳಬೇಕಾಯಿತು.

"ನಾ ಹನ್ನೆರಡು ವರ್ಷದಾಂವ ಇದ್ದೆ. ಜಾಲಹಳ್ಳಿ ಕಡಿ ಕುರಿ ಕಾಯಾಕ ಹೋಗಿದ್ವಿ, ನಾನು, ನಮ್ಮಣ್ಣ. ಹಿಂಗ ಹಳ್ಳ ಬಂದಿತ್ತು. ಮೊಣಕಾಲಮಟ ಅದ ಅಂದ. ಹೆಗಲ ಮ್ಯಾಲ ಮರಿ ಹೊತ್ತುಕೊಂಡು ಇಳದ. ಬ್ಯಾಡ ಅನ್ನಬೇಕು ಅನಸ್ತು. ಅಣ್ಣಗ ಎದುರು ಮಾತಾಡಬಾರ್ದಂತ ಸುಮ್ನ ನಿಂತೆ. ಒಂದು ಮಾತು ಆಡಿದ್ರ ನಿಲ್ತಿದ್ದ ತಮ್ಮಾ. ಜಗಳಕ್ಕರೆ ನಿಲ್ತಿದ್ದ."

ಮೌಲಾಸಾಬ ಅವನ ಪಕ್ಕದಲ್ಲಿ ಕೂತು ಮೆಲ್ಲಗೆ, "ಹಂಪಣ್ಣ, ಆ ಬೆಲ್ಲದ ಮಾತು ಖರೇನಾ?" ಎಂದು ಕೇಳಿದ.

"ಮಾನ್ವಿ ಬೀಗರ ಮನಿ ಒಗ್ಗರಣಿ ನಾ ಎಲ್ಲಿ ತಿಂದೀನಿ? ನನ್ನ ಕರದಾರೇನು?" ಎಂದ ಹಂಪಣ್ಣ. ಹೇಳುತ್ತಲೇ ಅವನ ಹಲ್ಲು ಕಟಕಟ ಅನ್ನುತ್ತಿತ್ತು.

ಆ ರಾತ್ರಿ ಮಸರಕಲ್ಲಿನ ಶಾಲೆಯ ಕಟ್ಟೆಯಲ್ಲಿ ಕಳೆದು ಮರುದಿನ ನೀರು ಇಳಿದ ಮೇಲೆ ದಾಟಿದೆವು. ಮನೆ ಮುಟ್ಟಿದಾಗ ಹೆಂಡತಿ ಹೊಸ್ತಿಲಲ್ಲೇ ಕೂತಿದ್ದಳು. ಅತ್ತು ಅತ್ತು ಮುಖ ಬಾತಿತ್ತು. ಐದನೇ ದಿನಕ್ಕೆ ಮಗಳು ಹುಟ್ಟಿದಳು. ಒಗ್ಗರಣೆಯ ಜಗಳವನ್ನು ಮಾವನಿಗೆ ಮಾತ್ರ ಇವತ್ತಿನವರೆಗೆ ಹೇಳಿಲ್ಲ.

ಆಮೇಲೂ ಸವಾರಿಗಳು ನಡೆದವು. ಆದರೆ ನಾನು ಹಂಪಣ್ಣನ ಹಾಸ್ಯವನ್ನು ಕೇಳುವ ರೀತಿ ಬದಲಾಯಿತು. ಅವನು ಯಾವುದಾದರೂ ಹುಚ್ಚು ಪ್ರಶ್ನೆ ತೆಗೆದರೆ ನಾನು ತಿರುಗಿ ಹಿಂದೆ ನೋಡುತ್ತಿದ್ದೆ, ಏನು ಬರುತ್ತಿದೆ ಎಂದು. ನಗುತ್ತಲೇ ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಅಂಜುವವನು ನಾನಲ್ಲ ಎಂದು ತಿಳಿದದ್ದು ನನಗೆ ಧೈರ್ಯ ಕೊಡಲಿಲ್ಲ, ಜೊತೆ ಕೊಟ್ಟಿತು.

ಎಂಬತ್ತರ ದಶಕದ ನಡುವಿಗೆ ನನಗೆ ಮಾನ್ವಿಗೆ ವರ್ಗವಾಯಿತು. ಗಿರಣಿ ನಿಂತು ಹಂಪಣ್ಣ ತನ್ನ ಹುಟ್ಟೂರ ಕಡೆಯ ಜಾಲಹಳ್ಳಿಗೆ ಹೋದ. ಹೋಗುವ ಮೊದಲು ಒಂದು ಭಾನುವಾರ ಒಬ್ಬನೇ ರಾಯಚೂರಿನಿಂದ ಸೈಕಲ್ ತುಳಿದು ನಮ್ಮ ಮನೆಗೆ ಬಂದಿದ್ದ. ಉಂಡು, ಸ್ವಲ್ಪ ಹೊತ್ತು ಒರಗಿ, ಹೊರಟ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕಾಲು ಸಣ್ಣಗಾಗಿದ್ದವು. ಊರ ಹೊರಗಿನವರೆಗೆ ಜೊತೆ ಹೋದೆ. "ಮುಟ್ಟಿದ ಮ್ಯಾಲ ಒಂದು ಕಾರ್ಡ್ ಹಾಕ್ರಿ" ಅಂದೆ. "ಮುಟ್ಲಿಲ್ಲಂದ್ರ ಹಾಕ್ತೀನಿ" ಎಂದು ಹೋದ. ಅದೇ ಕೊನೆ.

ಮರುವರ್ಷ ಅವನು ತೀರಿಕೊಂಡ ಸುದ್ದಿ ಬಂದಾಗ ಹತ್ತು ದಿನ ಕಳೆದಿತ್ತು. ಬಸ್ಸು ಹಿಡಿದು ಜಾಲಹಳ್ಳಿಗೆ ಹೋದೆ. ಅವನ ಹೆಂಡತಿ ಮಲ್ಲಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ಚಾಪೆ ಹಾಸಿ ನೀರು ಕೊಟ್ಟಳು. ಮಲಗಿದವನು ಏಳಲಿಲ್ಲವೆಂದು ಹೇಳಿದಳು. ಏನು ಹೇಳಬೇಕೋ ತೋಚದೆ, "ಮನಿ ಬಿಕೋ ಅಂತಿರಬೇಕಲ್ರಿ ಅಕ್ಕಾರ. ಅಷ್ಟು ಮಾತಿನ ಮನುಷ್ಯ" ಅಂದೆ.

ಅವಳು ನನ್ನನ್ನೇ ನೋಡಿದಳು. "ಯಾರು, ಇವ್ರೇನ್ರಿ?"

"ಹೌದ್ರಿ."

"ಮೂವತ್ತು ವರ್ಷ ಸಂಸಾರ ಮಾಡೀನ್ರಿ ಯಪ್ಪಾ. ಬರ್ತಿದ್ರು, ಉಣ್ತಿದ್ರು, ಮಕ್ಕೊಂತಿದ್ರು. ನೀರು ಕೊಡು, ಸಾಕು, ಚಿಮಣಿ ಆರಸು, ಇಷ್ಟ ಮಾತು. ಮನ್ಯಾಗ ಹಗೂರ ಕುಂತಿರ್ತಿದ್ರು, ಮಾರಿ ಮ್ಯಾಲ ಒಂದು ಚಿಂತಿ ಇರ್ತಿದ್ದಿಲ್ಲ." ಖಾಲಿ ಚೊಂಬನ್ನು ಪಕ್ಕಕ್ಕಿಟ್ಟು ಕೇಳಿದಳು: "ರಸ್ತ್ಯಾಗ ಏನು ಮಾತಾಡ್ತಿದ್ರು?"

ಎಲ್ಲಿಂದ ಶುರು ಮಾಡಲಿ? ಒಮ್ಮೆ ದೇವದುರ್ಗದ ಏರಿನಲ್ಲಿ ಅವನು ತೆಗೆದಿದ್ದ ಮಾತು ನೆನಪಾಯಿತು. ಕುರಿ ಬಸ್ ಹತ್ತಿದರೆ ಅದಕ್ಕೆ ಅರ್ಧ ಟಿಕೇಟೋ ಪೂರಾ ಟಿಕೇಟೋ, ಹೊಟ್ಟೆಯಲ್ಲಿ ಮರಿಯಿದ್ದರೆ ಕಂಡಕ್ಟರ ಹೇಗೆ ತಿಳಿಯಬೇಕು ಎಂದು. ಅದನ್ನೇ ಹೇಳಿದೆ, ನನಗೆ ಬಂದಷ್ಟು ಅವನ ದನಿಯಲ್ಲಿ. ಮಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿತು. ನಗುವೋ ಅಳುವೋ ಗೊತ್ತಾಗಲಿಲ್ಲ.

ಹೊರಗೆ ನನ್ನ ಬಸ್ಸಿನ ಹಾರ್ನ್ ಎರಡು ಸಲ ಕೇಳಿಸಿತು.

"ಆಮ್ಯಾಲ?" ಎಂದಳು ಅವಳು, ಚಾಪೆಯ ಹತ್ತಿರಕ್ಕೆ ಸರಿದು. "ಅದಕ್ಕ ಮಂದಿ ಏನಂದ್ರು? ಇವ್ರು ಏನಂದ್ರು?"

ನಾನು ಏಳಲಿಲ್ಲ. ಹೇಳತೊಡಗಿದೆ.