ಬೀಳುವುದನ್ನು ಕಲಿತವನು

ನನ್ನ ಬಳಿ ಉಳಿದಿರುವ ಕರಪತ್ರದಲ್ಲಿ ಇಸವಿ ಇಲ್ಲ. ‘ಇದೇ ಭಾನುವಾರ ಸಂಜೆ ಐದಕ್ಕೆ’ ಎಂದಷ್ಟೇ ಅಚ್ಚಾಗಿದೆ. ಅದರಡಿಯಲ್ಲಿ ತೊಡೆ ತಟ್ಟಿ ನಿಂತ ನನ್ನ ದೊಡ್ಡಮ್ಮನ ಮಗನ ಚಿತ್ರ. ಚಿತ್ರದ ಕೆಳಗೆ ‘ಮೈಸೂರು ರಾಜ್ಯದ ಹುಲಿ’ ಎಂಬ ಬಿರುದು. ಕಾಲನಿರ್ಣಯಕ್ಕೆ ಈ ಬಿರುದೇ ನನಗೆ ಸಿಕ್ಕಿದ ಮೊದಲ ಆಧಾರ. ನಮ್ಮ ಜಿಲ್ಲೆ ಮದ್ರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಕಾಪುವಿನ ಮೀನುಗಾರನೊಬ್ಬನನ್ನು ಯಾರೂ ಮೈಸೂರಿನ ಹುಲಿ ಎನ್ನುವಂತಿರಲಿಲ್ಲ. ಎರಡನೆಯ ಆಧಾರ ಕರಪತ್ರದ ಹಿಂಬದಿಯಲ್ಲಿದೆ: ಕಾಲೇಜಿನ ಎರಡನೆಯ ವರ್ಷದ ಪಾಠಕ್ಕೆ ಸಂಬಂಧಿಸಿದ, ಪೆನ್ಸಿಲಿನಲ್ಲಿ ನಾನೇ ಗೀಚಿಕೊಂಡ ಟಿಪ್ಪಣಿ. ಎರಡನ್ನೂ ತಾಳೆ ಹಾಕಿದರೆ 1957ರ ಮಳೆಗಾಲ ಕಳೆದ ನಂತರದ ತಿಂಗಳುಗಳು ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಮುಂದಿನ ಘಟನೆಗಳಿಗೆ ಇಂಥ ಆಧಾರಗಳಿಲ್ಲ. ಕಾರ್ಕಳದ ಕುಸ್ತಿ ನಡೆದದ್ದು 1960ರಲ್ಲೋ 61ರಲ್ಲೋ ಎಂಬುದನ್ನು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ. ಅಂದು ಏನಾಯಿತು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ. ನಾನು ಕಣದ ಅಂಚಿನಲ್ಲೇ ಕುಳಿತಿದ್ದೆ.

ಅವನನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಕಾಪುವಿನ ದೀಪಸ್ತಂಭದಿಂದ ತೆಂಕಕ್ಕೆ ಅವರ ಮನೆ. ಮಳೆ ನಿಂತು ಕಡಲು ತಿಳಿಯಾದ ಮೇಲೆ ಅವನು ದಡದಿಂದಲೇ ಎಳೆಯುವ ದೊಡ್ಡ ರಂಪಣಿ ಬಲೆಯ ಹಗ್ಗ ಹಿಡಿಯುವವರ ಸಾಲಿನಲ್ಲಿ ಮೊದಲನೆಯವನು. ಮಳೆಗಾಲದಲ್ಲಿ ದೋಣಿಗಳು ದಡ ಸೇರಿದೊಡನೆ ಉಡುಪಿಗೆ ಬಂದು, ನನ್ನ ಬಾಡಿಗೆ ಕೋಣೆಯಲ್ಲಿ ತಂಗಿ, ಎರಡೂ ಹೊತ್ತು ತಾಲೀಮುಖಾನೆಗೆ ಹೋಗುತ್ತಿದ್ದ. ಅಲ್ಲಿ ಕುಸ್ತಿ ಕಲಿಸುವವರನ್ನು ಊರೆಲ್ಲ ಉಸ್ತಾದರು ಎನ್ನುತ್ತಿತ್ತು. ಹಗಲು ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡಿಸುವ ಮೇಸ್ತ್ರಿ. ಸಂಜೆ ತಾಲೀಮುಖಾನೆಯಲ್ಲಿಯೂ ಅವರ ಮೊದಲ ಚಿಂತೆ ಮಣ್ಣಿನದೇ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಳ್ಳೆಣ್ಣೆ, ಮಜ್ಜಿಗೆ, ಅರಸಿನ ಬೆರೆಸಿ ಕಣಕ್ಕೆ ಹಾಕಿಸುತ್ತಿದ್ದರು. ಹೊಸಬರಿಗೆ ಅವರು ಹೇಳಿಕೊಡುತ್ತಿದ್ದ ಮೊದಲ ಪಾಠವೂ ಅದರದ್ದೇ. ಬೆವರಿನಿಂದ ಎದುರಾಳಿಯ ಕುತ್ತಿಗೆ ಜಾರತೊಡಗಿದರೆ ಒಂದು ಹಿಡಿ ಮಣ್ಣು ತೆಗೆದು ಅಲ್ಲಿಗೆ ತಟ್ಟಬೇಕು. ಅವನೂ ನಿನಗೆ ಹಾಗೆಯೇ ತಟ್ಟಬಹುದು. ಹಿಡಿತ ಇಬ್ಬರಿಗೂ ಸಿಗಬೇಕು.

ಉಸ್ತಾದರಿಗೆ ಆಗಲೇ ಮಂಡಿ ನೋವು. “ನನ್ನ ನಂತರ ಈ ಮಣ್ಣು ಇವನದ್ದು” ಎಂದು ಅಣ್ಣನನ್ನು ತೋರಿಸಿ ಎಲ್ಲರೆದುರು ಹೇಳಿದ್ದರು. ಆ ಮಾತನ್ನು ಅಣ್ಣ ನನಗೆ ಎಷ್ಟು ಸಲ ಹೇಳಿದನೆಂಬುದಕ್ಕೆ ಲೆಕ್ಕವಿಲ್ಲ. ಅವನ ಮಟ್ಟಿಗೆ ಜೀವನದಲ್ಲಿ ಬೇರೆ ಆಸೆ ಇದ್ದಂತೆ ನಾನು ಕಾಣೆ.

ಕರಪತ್ರದ ಆ ವರ್ಷ ಬೊಂಬಾಯಿ ಕಡೆಯ ಒಂದು ಕುಸ್ತಿ ಕಂಪೆನಿ ಉಡುಪಿಗೆ ಬಂದು ಡೇರೆ ಹಾಕಿತು. ಮಣ್ಣಿನ ಕಣದ ಬದಲು ಹಲಗೆಯ ಅಟ್ಟ, ಅದರ ಮೇಲೆ ಬಿಗಿದ ದಪ್ಪ ಬಟ್ಟೆ, ಸುತ್ತ ಹಗ್ಗ. ಊರಿನವನೊಬ್ಬ ಅಟ್ಟದ ಮೇಲಿದ್ದರೆ ಡೇರೆ ತುಂಬುತ್ತದೆ ಎಂದು ಮ್ಯಾನೇಜರು ಅಣ್ಣನನ್ನು ಕೇಳಿದರು. ಎರಡು ತಿಂಗಳ ಮಾತು. ಉಸ್ತಾದರು ಬೇಡ ಎನ್ನಲಿಲ್ಲ.

“ಹೋಗು. ಎರಡು ತಿಂಗಳು ಅಂದರೆ ಎರಡೇ ತಿಂಗಳು, ಅಲ್ವಾ?” ಎಂದರು.

ಅದು ಮೂರು ವರ್ಷವಾಯಿತು.

ಮೊದಲ ವಾರದಲ್ಲಿ ನಾನು ಸಹಪಾಠಿಗಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ಗಂಟಲು ಹರಿಯುವಂತೆ ಕೂಗಿದ್ದೆ. ಅಣ್ಣ ಗೆದ್ದ. ಮರುದಿನ ಸೋತ. ಅದರ ಮರುದಿನ ಪುನಃ ಗೆದ್ದ. ನಾಲ್ಕನೆಯ ದಿನ ರಥಬೀದಿಯ ಬಳಿಯ ಒಂದು ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತ ನಾನು ಕಾರಣ ಕೇಳಿದೆ. ನಮ್ಮ ಮಾತು ತುಳುವಿನಲ್ಲಿ ನಡೆದದ್ದು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವನು ಎಣ್ಣೆ ಕೈಯನ್ನು ಪಂಚೆಗೆ ಒರೆಸಿ, ನನ್ನ ಕುತ್ತಿಗೆಯ ಹಿಂದೆ ಇಟ್ಟು ಎರಡು ಸಲ ಮೆಲ್ಲಗೆ ತಟ್ಟಿದ. “ಇಷ್ಟೇ. ಇದು ಬಿದ್ದ ಕೂಡಲೇ ನಾನು ಮೈ ಸಡಿಲ ಬಿಡಬೇಕು. ಅವನು ಎತ್ತಿ ಹಾಕುತ್ತಾನೆ. ಮರುದಿನ ನಾನು ತಟ್ಟುವುದು, ಅವನು ಬೀಳುವುದು.”

“ಯಾರು ಯಾವತ್ತು ತಟ್ಟಬೇಕು ಅಂತ ಹೇಳುವುದು ಯಾರು?”

“ಮ್ಯಾನೇಜರು. ಮಧ್ಯಾಹ್ನ ಊಟಕ್ಕೆ ಕೂತಾಗ. ಸಾರು ಬಡಿಸುವ ಮೊದಲೇ ಗೊತ್ತಾಗುತ್ತದೆ.”

“ನಿನಗೆ ಬೇಜಾರಿಲ್ವಾ?”

“ಬೀಳಲಿಕ್ಕೆ ಎಂತ ಕಷ್ಟ ಮಾರಾಯ? ಬಲೆ ಎಳೆಯುವುದಕ್ಕಿಂತ ಸುಲಭ ಉಂಟು” ಎಂದು ಅವನು ನಕ್ಕ. ನಾನೂ ನಕ್ಕೆ. ಅದನ್ನು ಇಲ್ಲಿ ದಾಖಲಿಸಲೇಬೇಕು.

ಕಂಪೆನಿ ಉಡುಪಿಯಿಂದ ಕಾಪುವಿಗೆ, ಅಲ್ಲಿಂದ ಕಾರ್ಕಳಕ್ಕೆ, ಪುನಃ ಉಡುಪಿಗೆ ಸುತ್ತುತ್ತಿತ್ತು. ಮಧ್ಯಾಹ್ನದಿಂದ ಜೀಪಿನಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಅಣ್ಣನ ಬಿರುದನ್ನು ಸಾರುತ್ತ ಹೋಗುವರು. ಜೀಪಿನ ಹಿಂದೆ ಸ್ವತಃ ಅಣ್ಣ ಕೈ ಮುಗಿದು ನಿಂತಿರುವನು. ಟೂರಿಂಗ್ ಟಾಕೀಸಿನಲ್ಲಿ ಸಿನಿಮಾ ಶುರುವಾಗುವ ಮೊದಲು ಅವನು ಪರದೆಯ ಮುಂದೆ ಬಂದು ಕಬ್ಬಿಣದ ಸಲಾಕೆ ಬಗ್ಗಿಸುವನು. ಅಂಗಡಿ ಉದ್ಘಾಟನೆಗೆ ಅವನು ಬೇಕು, ಶಾಲೆಯ ವಾರ್ಷಿಕೋತ್ಸವಕ್ಕೆ ಅವನು ಬೇಕು. ಅವನ ಚಿತ್ರ ಸೋಡಾ ಅಂಗಡಿಯಲ್ಲಿತ್ತು, ಬಸ್ಸಿನ ಹಿಂಬದಿಯಲ್ಲಿತ್ತು, ಸಂತೆಕಟ್ಟೆಯಲ್ಲಿ ಒಣಮೀನು ಮಾರುವವಳ ತಟ್ಟಿಯ ಮೇಲೆಯೂ ಇತ್ತು. ಒಂದು ವರ್ಷ ಜನ ಅವನನ್ನು ಮುಟ್ಟಿ ನೋಡಲು ಬರುತ್ತಿದ್ದರು. ಎರಡನೆಯ ವರ್ಷ ಅವನು ನಡೆದು ಹೋದರೆ ಯಾರೂ ತಲೆ ಎತ್ತುತ್ತಿರಲಿಲ್ಲ.

ನಾನು ಕ್ಷೌರಕ್ಕೆ ಹೋಗುತ್ತಿದ್ದ ಅಂಗಡಿಯ ಕನ್ನಡಿಯ ಮೇಲೂ ಅದೇ ಚಿತ್ರ. ಒಂದು ದಿನ ಕ್ಷೌರಿಕ ಕತ್ತರಿ ಆಡಿಸುತ್ತ, “ಇವತ್ತು ಮಂಗಳವಾರ ಅಲ್ವಾ? ನಿಮ್ಮ ಹುಲಿ ಬೀಳುವ ದಿನ” ಎಂದ.

“ಅದು ಹೇಗೆ ಹೇಳುತ್ತೀರಿ?”

“ಹೇಳಲಿಕ್ಕೆ ಜ್ಯೋತಿಷ್ಯ ಬೇಕಾ ಮಾರ್ರೆ? ಸೋಮವಾರ ಗೆದ್ದಿದ್ದಾರೆ. ಕಂಪೆನಿಯವರು ಅಂಟಿಸಿದ ಆ ಪಟ ಒಂದು ತೆಗೆಯಲು ಹೇಳಿ ಅವರಿಗೆ. ಗಿರಾಕಿಗಳು ನಗುವಾಗ ನನ್ನ ಕತ್ತಿ ಆಚೀಚೆ ಆಗುತ್ತದೆ.”

ಅಣ್ಣನಿಗೆ ಹೊಟ್ಟೆ ಬಂದಿತ್ತು. ಬೆಳಗಿನ ಬಸ್ಕಿ, ದಂಡ ಎಲ್ಲವೂ ನಿಂತು ಹೋಗಿದ್ದವು. ಎದುರಾಳಿಯ ಕೈ ಹಿಡಿಯುವ ಮೊದಲೇ ಅವನ ಕಣ್ಣು ಹಲಗೆಯ ಮೇಲೆ ಬೀಳಲು ಮೆತ್ತಗಿನ ಜಾಗ ಹುಡುಕುತ್ತಿತ್ತು. ಮಣಿಪಾಲದ ಗುಡ್ಡದ ಮೇಲೆ ಆಗ ಒಂದೊಂದೇ ಕಟ್ಟಡ ಏಳುತ್ತಿದ್ದ ಕಾಲ. ದೂರದ ಊರುಗಳಿಂದ ಓದಲು ಬಂದ ವಿದ್ಯಾರ್ಥಿಗಳಿಗಾಗಿ ಕಂಪೆನಿ ಅಲ್ಲಿಯೂ ಡೇರೆ ಹಾಕಿತು. ಮೂರೇ ದಿನಗಳಲ್ಲಿ ಅವರು ಗುಟ್ಟು ಕಂಡುಹಿಡಿದರು. ನಾಲ್ಕನೆಯ ಸಂಜೆ ಕುಸ್ತಿ ಶುರುವಾಗಿ ಸ್ವಲ್ಪ ಹೊತ್ತಿಗೆ ಇಡೀ ಡೇರೆ ಒಟ್ಟಾಗಿ ಎರಡು ಚಪ್ಪಾಳೆ ಹೊಡೆಯಿತು. ಅಟ್ಟದ ಮೇಲೆ ಯಾರೂ ಯಾರನ್ನೂ ತಟ್ಟಿರಲಿಲ್ಲ. ಆದರೂ ಅಣ್ಣನ ಮೊಣಕಾಲು ಬಾಗಿದ್ದನ್ನು ನಾನು ಕಂಡೆ. ಕೂಡಲೇ ಸಾವರಿಸಿಕೊಂಡು ನೆಟ್ಟಗೆ ನಿಂತ. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅದೇ ತಿಂಗಳು ಮ್ಯಾನೇಜರು ಅವನನ್ನು ಕರೆದು, ಜನರಿಗೆ ನಿನ್ನ ಮುಖ ಸಾಕಾಗಿದೆ ಎಂದು ಹೇಳಿ ಬಿಟ್ಟುಬಿಟ್ಟರು. ಅವನ ಬಿರುದನ್ನು ಹುಬ್ಬಳ್ಳಿಯ ಕಡೆಯ ಇನ್ನೊಬ್ಬನಿಗೆ ಕೊಟ್ಟರು.

ಅಣ್ಣ ನೇರವಾಗಿ ತಾಲೀಮುಖಾನೆಗೆ ಹೋದ. ನಾನು ಜೊತೆಗಿದ್ದೆ, ಪದವಿ ಮುಗಿಸಿ ಉಡುಪಿಯಲ್ಲೇ ಪಾಠ ಹೇಳತೊಡಗಿದ್ದ ಕಾಲ. ಉಸ್ತಾದರು ಬಾಗಿಲಿನಲ್ಲಿ ನಿಂತೇ ಮಾತಾಡಿದರು.

“ಎಂತಕ್ಕೆ ಬಂದೆ?”

“ಮಣ್ಣಿಗೆ ಇಳಿಯಲಿಕ್ಕೆ, ಉಸ್ತಾದರೇ.”

“ನೀನು ಇಳಿದರೆ ಈ ಮಕ್ಕಳು ನಿನ್ನಿಂದ ಎಂತ ಕಲಿಯುವುದು?”

ಉಸ್ತಾದರೇ ಮುಂದುವರಿದರು. “ಕಾರ್ಕಳದಲ್ಲಿ ಕೊಯ್ಲು ಮುಗಿದ ಮೇಲೆ ಮಣ್ಣಿನ ಕುಸ್ತಿ ಉಂಟು. ಮಳೆಗಾಲ ಪೂರ್ತಿ ಮೈ ಸರಿ ಮಾಡು. ಅಲ್ಲಿ ನಿಜವಾಗಿ ಹಿಡಿ. ಗೆಲ್ಲಬೇಕು ಅಂತಿಲ್ಲ. ಸೋತರೂ ನಾನೇ ಕೈ ಹಿಡಿದು ಕರೆದುಕೊಂಡು ಬರುತ್ತೇನೆ. ಈ ಬೀಗದ ಕೈಯೂ ನಿನಗೇ.”

ಆ ಮಳೆಗಾಲ ಅವನು ಪಟ್ಟ ಪರಿಶ್ರಮಕ್ಕೆ ನಾನು ಸಾಕ್ಷಿ. ತಾಲೀಮುಖಾನೆಗೆ ಪ್ರವೇಶವಿಲ್ಲದ್ದರಿಂದ ಕಾಪುವಿನ ಕಡಲ ದಡದ ಹೊಯಿಗೆಯಲ್ಲಿ, ಮಳೆಯ ನಡುವೆ, ದೋಣಿಗೆ ಹಗ್ಗ ಕಟ್ಟಿ ಒಬ್ಬನೇ ಎಳೆಯುತ್ತಿದ್ದ. ಹೊಟ್ಟೆ ಕರಗಿತು. ಮಾತು ಕಡಿಮೆಯಾಯಿತು. ರಜೆಯಲ್ಲಿ ಹೋದಾಗ ದೊಡ್ಡಮ್ಮ, “ಇವನಿಗೆ ಹೇಳು ಮಗಾ, ಅನ್ನ ಬಡಿಸಿದರೆ ಅರ್ಧಕ್ಕೇ ಏಳುತ್ತಾನೆ” ಎಂದು ದೂರುತ್ತಿದ್ದಳು.

ಕುಸ್ತಿಯ ದಿನ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಪೇಟೆಯ ಹೊರಗೆ ಕೊಯ್ಲಾದ ಗದ್ದೆಯಲ್ಲಿ ಕಣ ತೋಡಿದ್ದರು. ಎದುರಾಳಿ ಅಲ್ಲಿಯದೇ ಕಲ್ಲು ಕಡಿಯುವ ಕೆಲಸದವನು, ಅಣ್ಣನಿಗಿಂತ ಎರಡು ಮೂರು ವರ್ಷ ಚಿಕ್ಕವನು, ಅಗಲ ಅಂಗೈಯವನು. ಕಂಪೆನಿಯ ಕುಸ್ತಿಯನ್ನು ಅವನು ಕಂಡೇ ಇರಲಿಲ್ಲ ಎಂದು ನಂತರ ತಿಳಿಯಿತು. ಉಸ್ತಾದರು ಕಣದ ಪಕ್ಕದಲ್ಲಿ ಮಂಡಿ ಚಾಚಿ ಕುಳಿತಿದ್ದರು. ಅಣ್ಣ ಕಣಕ್ಕೆ ಇಳಿದಾಗ ಜನ ಗೇಲಿ ಮಾಡಿದರು.

“ಇವತ್ತು ಎಂತ ವಾರ ಮಾರಾಯ?”

“ಶನಿವಾರ. ಶನಿವಾರ ಇವನು ಬೀಳುವುದಾ, ಗೆಲ್ಲುವುದಾ?”

ಆದರೆ ಕುಸ್ತಿ ಶುರುವಾದ ಮೇಲೆ ಗೇಲಿ ಅಡಗಿತು. ಅಣ್ಣ ನಿಜವಾಗಿ ಹಿಡಿಯುತ್ತಿದ್ದ. ಎರಡು ಸಲ ಕಲ್ಲುಕೆಲಸದವನನ್ನು ಮಂಡಿಗೆ ತಂದ. ಒಂದು ಸಲ ತಾನೇ ಅಡಿಗೆ ಸಿಕ್ಕಿ, ಮೈ ಹೊರಳಿಸಿ ತಪ್ಪಿಸಿಕೊಂಡ. ಪಕ್ಕದಲ್ಲಿ ಕುಳಿತ ಒಬ್ಬ ಮುದುಕ, “ಇವನಿಗೆ ಬರುತ್ತದಲ್ಲ” ಎಂದು ತನಗೆ ತಾನೇ ಹೇಳಿಕೊಂಡ. ಉಸ್ತಾದರ ತುಟಿಗಳು ಅಲುಗುತ್ತಿದ್ದವು. ಪ್ರತಿ ಪಟ್ಟಿನ ಹೆಸರನ್ನೂ ಅವರು ಒಳಗೊಳಗೇ ಹೇಳಿಕೊಳ್ಳುತ್ತಿದ್ದರು.

ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು. ತಲೆಗೆ ತಲೆ ಕೊಟ್ಟು ನಿಂತಿದ್ದಾಗ ಕಲ್ಲುಕೆಲಸದವನ ಕೈ ಅಣ್ಣನ ಕುತ್ತಿಗೆಯಿಂದ ಜಾರಿತು. ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದ. ಯಾವ ತಾಲೀಮುಖಾನೆಯಲ್ಲಿ ಕಲಿತವನೂ ಮಾಡುವಂತೆ ಅದನ್ನು ಅಣ್ಣನ ಕುತ್ತಿಗೆಗೆ ತಟ್ಟಿದ. ಒಂದು ಸಲ. ಇನ್ನೊಂದು ಸಲ.

ಅಣ್ಣನ ಮೈ ಸಡಿಲವಾಯಿತು. ಅವನ ಮುಖ ನನ್ನ ಕಡೆಗಿತ್ತು. ಅದರಲ್ಲಿ ಸೋಲಿನ ಭಯವಾಗಲಿ ನೋವಾಗಲಿ ಇರಲಿಲ್ಲ, ಕೆಲಸ ಮುಗಿದವನ ನೆಮ್ಮದಿ ಇತ್ತು. ಎದುರಾಳಿ ಅಭ್ಯಾಸಬಲದಿಂದ ಎತ್ತಿದ. ಅಣ್ಣ ಅಂಗಾತ ಬಿದ್ದ. ಎರಡೂ ಭುಜಗಳು ಮಣ್ಣಿಗೆ ತಾಗಿದ ಮೇಲೆಯೇ ಅವನಿಗೆ ತಾನೆಲ್ಲಿದ್ದೇನೆಂಬುದು ಹೊಳೆದಿರಬೇಕು. ಎದ್ದು ಕುಳಿತು ತನ್ನ ಕುತ್ತಿಗೆಯನ್ನು ಮುಟ್ಟಿ, ಕೈಗೆ ಅಂಟಿದ ಮಣ್ಣನ್ನು ನೋಡಿದ.

ಹಿಂದಿನಿಂದ ಒಬ್ಬ, “ಇಲ್ಲಿಯೂ ಮ್ಯಾನೇಜರು ಉಂಟಾ?” ಎಂದು ಕೇಳಿದ. ಗದ್ದೆ ತುಂಬ ನಗು.

ಉಸ್ತಾದರು ನನ್ನ ಹೆಗಲು ಹಿಡಿದು ಎದ್ದರು. ಅಣ್ಣ ಅವರ ಮುಂದೆ ಬಂದು ನಿಂತ. “ಬೇಕೆಂದು ಅಲ್ಲ, ಉಸ್ತಾದರೇ” ಎಂದ.

“ಗೊತ್ತುಂಟು. ಬೇಕೆಂದು ಮಾಡಿದ್ದರೆ ಬೈದು ಬಿಡಿಸಬಹುದಿತ್ತು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಸೋತರೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ. ನೀನು ಸೋಲಲಿಲ್ಲವಲ್ಲ ಮಗಾ, ಬರೇ ಬಿದ್ದೆ.”

ಅವರು ಉಡುಪಿಯ ಬಸ್ಸು ಹತ್ತಿದರು. ನಾವಿಬ್ಬರೂ ಕಾಪುವಿಗೆ ಮರಳಿದೆವು. ತಾಲೀಮುಖಾನೆಯ ಬೀಗದ ಕೈ ಮುಂದೆ ಯಾರಿಗೂ ಹಸ್ತಾಂತರವಾಗಲಿಲ್ಲ. ಉಸ್ತಾದರ ಮಂಡಿ ಪೂರ್ತಿ ಕೈಕೊಟ್ಟ ಮೇಲೆ ಕಟ್ಟಡದ ಯಜಮಾನರು ಅಲ್ಲಿ ಹೆಂಚು ಪೇರಿಸಿಟ್ಟರು. ಅದು ಯಾವ ವರ್ಷ ಎಂದು ಮೂವರನ್ನು ವಿಚಾರಿಸಿದ್ದೇನೆ; ಮೂವರೂ ಬೇರೆ ಬೇರೆ ವರ್ಷ ಹೇಳುತ್ತಾರೆ.

ಆದರೆ ಕುಸ್ತಿಯಾಗಿ ಒಂದು ತಿಂಗಳೊಳಗೆ ನಡೆದ ಸಂಗತಿಯೊಂದನ್ನು ಹೇಳದೆ ಈ ಬರಹ ಪೂರ್ಣವಾಗುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಾನು ಕಾಪುವಿನಲ್ಲಿದ್ದೆ. ಅಣ್ಣ ಬಲೆಯ ಹರಿದ ಕಣ್ಣುಗಳನ್ನು ಹೊಲಿಯುತ್ತಿದ್ದ. ಕಾರ್ಕಳದ ಕಲ್ಲುಕೆಲಸದವನು ಒಬ್ಬನೇ, ಒಗೆದ ಅಂಗಿ ತೊಟ್ಟು, ಹೊಯಿಗೆಯಲ್ಲಿ ನಡೆದು ಬಂದ. ಕುಶಲ ಕೇಳಿದ. ಆಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ವಿಷಯಕ್ಕೆ ಬಂದ.

“ಊರಿನಲ್ಲಿ ಯಾರೂ ನಾನು ಗೆದ್ದೆ ಅಂತ ಹೇಳುವುದಿಲ್ಲ ಅಣ್ಣ. ನೀವು ಬಿಟ್ಟುಕೊಟ್ಟದ್ದು ಅಂತಾರೆ. ಕಲ್ಲು ಕಡಿಯುವಲ್ಲಿ ಎರಡು ಸಲ ತಟ್ಟಿ ತೋರಿಸಿ ನಗುತ್ತಾರೆ.”

“ನೀನು ಮಾಡಿದ್ದು ಸರಿ ಇತ್ತು.”

“ಇನ್ನೊಂದು ಸಲ ಹಿಡಿಯುವ. ಇಲ್ಲೇ, ಈ ಹೊಯಿಗೆಯಲ್ಲಿ. ಯಾರೂ ನೋಡುವುದು ಬೇಡ. ನನಗೆ ಗೊತ್ತಾದರೆ ಸಾಕು.”

ಅಣ್ಣ ನೂಲು ಎಳೆದು ಗಂಟು ಹಾಕಿದ. “ಹಿಡಿದರೆ ನಾನು ಪುನಃ ಬೀಳಬಹುದು. ಆಗ ನೀನು ಕೆಡವಿದ್ದಾ, ನಾನೇ ಬಿದ್ದದ್ದಾ ಅಂತ ಕೇಳಿದರೆ ನಿನಗೆ ಎಂತ ಹೇಳಲಿ? ನನಗೇ ಗೊತ್ತಾಗುವುದಿಲ್ಲ.”

ಕಲ್ಲುಕೆಲಸದವನು ಮತ್ತೆ ಒತ್ತಾಯಿಸಲಿಲ್ಲ. ದೊಡ್ಡಮ್ಮ ಊಟ ಮುಗಿಸಿ ಹೋಗಲು ಹೇಳಿದಳು, ಅವನು ಬಸ್ಸಿಗೆ ಹೊತ್ತಾಯಿತೆಂದ. ಹನ್ನೆರಡರ ತನಕ ಬಸ್ಸಿಲ್ಲವೆಂಬುದು ನಮಗೆಲ್ಲ ತಿಳಿದಿತ್ತು. ಅವನು ರಸ್ತೆಯ ಕಡೆಗೆ ಹೋಗದೆ, ನೀರಿನ ಅಂಚಿನಲ್ಲೇ ತೆಂಕಕ್ಕೆ ನಡೆದು ಹೋದ. ಅಣ್ಣ ಅವನನ್ನು ಕರೆಯಲೂ ಇಲ್ಲ, ತಲೆ ಎತ್ತಿ ನೋಡಲೂ ಇಲ್ಲ.